ಪನ್ನೀರಿನ ಪಂಡಿತ ಅಲ್ ಕಿಂದಿ

ಮದುವೆ ಮನೆಯ ಬಾಗಿಲಲ್ಲಿ ಪನ್ನೀರುದಾನಿ ಹಿಡಿದ ಹುಡುಗನೊಬ್ಬ ನಿಂತಿರುತ್ತಾನೆ. ಬಂದವರ ಮೇಲೆ ನಾಲ್ಕು ಹನಿ ಚಿಮುಕಿಸುತ್ತಾನೆ. ಅತ್ತರಿನ ಹಾಗೆ ಅದು ಬಟ್ಟೆಗೆ ಅಂಟಿ ಮೂರು ದಿನ ಉಳಿಯುವಂಥದ್ದಲ್ಲ. ಮುಖಕ್ಕೆ ತಂಪು, ಮೂಗಿಗೆ ಹಗುರ, ಸ್ವಲ್ಪ ಹೊತ್ತಿನಲ್ಲಿ ಮಾಯ. ಯಾರಿಗೂ ತಲೆನೋವು ಬರಿಸದ, ಮಗುವಿಗೂ ಮುದುಕರಿಗೂ ಹಿಡಿಸುವ ಶುಭ್ರವಾದ ಪರಿಮಳ ಅದು. ಗಾಜಿನ ಲೋಟಕ್ಕೆ ಸುರಿದು ನೋಡಿದರೆ ಬರೀ ನೀರು. ಗುಲಾಬಿಯ ಕೆಂಪಿಲ್ಲ, ಎಸಳಿನ ಚೂರೂ ಇಲ್ಲ. ಹೂವನ್ನು ಹಿಂದೆ ಬಿಟ್ಟು ಅದರ ಪರಿಮಳವನ್ನು ಮಾತ್ರ ನೀರಿಗೆ ಇಳಿಸಿದ್ದು ಹೇಗೆ? ಇಳಿಸಿದವರು ಯಾರು?

ಈ ಪ್ರಶ್ನೆ ಕೇಳಿದರೆ ನಮ್ಮಲ್ಲಿ ಓದಿಕೊಂಡವರು ಸಾಮಾನ್ಯವಾಗಿ ಇಬ್ನು ಸೀನಾರ ಹೆಸರು ಹೇಳುತ್ತಾರೆ. ಹಲವು ಪುಸ್ತಕಗಳಲ್ಲಿಯೂ ಹಾಗೆಯೇ ಬರೆಯಲಾಗಿದೆ. ಇಬ್ನು ಸೀನಾ ದೊಡ್ಡವರು, ಸಂದೇಹವಿಲ್ಲ. ಆದರೆ ಅವರು ಹುಟ್ಟಿದ್ದು ಕ್ರಿ.ಶ. 980ರಲ್ಲಿ. ಅದಕ್ಕಿಂತ ಸುಮಾರು ನೂರು ವರ್ಷಗಳ ಹಿಂದೆಯೇ ತೀರಿಕೊಂಡಿದ್ದ ಇನ್ನೊಬ್ಬ ವಿದ್ವಾಂಸರ ಗ್ರಂಥದಲ್ಲಿ ಪನ್ನೀರು ಇಳಿಸುವ ಪಾತ್ರೆ, ಅದಕ್ಕೆ ಕೊಡಬೇಕಾದ ಶಾಖ, ಇಳಿಸುವ ಕ್ರಮ ಎಲ್ಲವೂ ಇವೆ. ಅವರು ಕೂಡ ಅದನ್ನು ಶೂನ್ಯದಿಂದ ಸೃಷ್ಟಿಸಿದವರಲ್ಲ. ಕುಶಲಕರ್ಮಿಗಳ ಕೈಯಲ್ಲಿದ್ದ ವಿದ್ಯೆಯನ್ನು ಪರೀಕ್ಷಿಸಿ, ಅಳತೆ ತೂಕಗಳ ಸಹಿತ ಬರೆದಿಟ್ಟವರು. ಅವರ ಹೆಸರು ಅಬೂ ಯೂಸುಫ್ ಯಅ್‌ಕೂಬ್ ಇಬ್ನು ಇಸ್‌ಹಾಕ್ ಅಲ್ ಕಿಂದಿ. ಅರಬರ ತತ್ವಜ್ಞಾನಿ ಎಂಬ ಬಿರುದಿನಿಂದ ಇತಿಹಾಸ ಅವರನ್ನು ಗುರುತಿಸುತ್ತದೆ.

ಕಿಂದಾ ಎಂಬುದು ದಕ್ಷಿಣ ಅರೇಬಿಯಾದ ಒಂದು ಹಳೆಯ ರಾಜಮನೆತನದ ಗೋತ್ರ. ಆ ಗೋತ್ರದ ಮುಖಂಡರಾಗಿದ್ದ ಅಶ್‌ಅಸ್ ಇಬ್ನು ಕೈಸ್ ಪ್ರವಾದಿ(ಸ)ಯವರ ಸನ್ನಿಧಿಗೆ ಬಂದು ಇಸ್ಲಾಮ್ ಸ್ವೀಕರಿಸಿದವರು. ಅವರ ವಂಶದಲ್ಲಿಯೇ ಅಲ್ ಕಿಂದಿ ಕೂಫಾ ನಗರದಲ್ಲಿ ಕ್ರಿ.ಶ. 800ರ ಸುಮಾರಿಗೆ ಜನಿಸಿದರು. ತಂದೆ ಇಸ್‌ಹಾಕ್ ಕೂಫಾದ ರಾಜ್ಯಪಾಲರು. ದೊಡ್ಡ ಮನೆ, ದೊಡ್ಡ ಹೆಸರು, ಕೈಗೊಬ್ಬ ಕಾಲಿಗೊಬ್ಬ ಆಳು. ಅಂಥ ಮನೆಯ ಮಗ ಬೇಟೆ, ಕುದುರೆ, ಕೂಟಗಳಲ್ಲಿ ಕಾಲ ಕಳೆದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಈ ಬಾಲಕ ಮಾತ್ರ ಪುಸ್ತಕಗಳನ್ನು ಹಿಡಿದನು. ಬಸ್ರಾದಲ್ಲಿ ಸ್ವಲ್ಪ ಕಾಲ, ಆ ಬಳಿಕ ಬಗ್ದಾದಿನಲ್ಲಿ ಅವರ ವಿದ್ಯಾಭ್ಯಾಸ ನಡೆಯಿತು.

ಬಗ್ದಾದಿನಲ್ಲಿ ಅದು ಖಲೀಫ ಮಾಮೂನರ ಕಾಲ (813ರಿಂದ 833). ಗ್ರೀಕ್, ಸುರಿಯಾನಿ, ಪಹ್ಲವಿ, ಸಂಸ್ಕೃತ ಮೂಲದ ಗ್ರಂಥಗಳು ಅರಬಿಗೆ ಬರುತ್ತಿದ್ದವು. ಅಲ್ ಕಿಂದಿಯವರ ಸುತ್ತ ಅನುವಾದಕರ ಒಂದು ಬಳಗವೇ ಇತ್ತು. ಇಬ್ನು ನಾಇಮಾ ಅಲ್ ಹಿಮ್ಸಿಯಂತಹ ಕ್ರೈಸ್ತ ಅನುವಾದಕರು ಅದರಲ್ಲಿದ್ದರು. ಅವರು ತಂದುಕೊಟ್ಟ ಅರಬಿಯನ್ನು ಕಿಂದಿಯವರು ತಿದ್ದುತ್ತಿದ್ದರು. ಅರಬಿಯಲ್ಲಿ ಇಲ್ಲದ ಪದಗಳನ್ನು ಹುಡುಕುತ್ತಿದ್ದರು, ಸಿಗದಿದ್ದಲ್ಲಿ ಕಟ್ಟುತ್ತಿದ್ದರು. ಅನ್ಯಭಾಷೆಯ ಶಾಸ್ತ್ರವನ್ನು ಕನ್ನಡಕ್ಕೆ ತರಲು ಕೂತವರಿಗೆ ಈ ಕಷ್ಟ ಏನೆಂದು ಗೊತ್ತಿರುತ್ತದೆ.

ಪ್ರಥಮ ತತ್ವಜ್ಞಾನದ ಕುರಿತು ಖಲೀಫ ಮುಅ್‌ತಸಿಮರಿಗೆ ಬರೆದು ಅರ್ಪಿಸಿದ ಗ್ರಂಥದಲ್ಲಿ ಅವರು ತಮ್ಮ ನಿಲುವನ್ನು ಸ್ಪಷ್ಟಪಡಿಸಿದ್ದಾರೆ. ಸತ್ಯವು ದೂರದ ಜನಾಂಗದಿಂದ ಬಂದರೂ, ನಮಗಿಂತ ಭಿನ್ನವಾದ ಸಮುದಾಯದಿಂದ ಬಂದರೂ ಅದನ್ನು ಮೆಚ್ಚಲು, ಸ್ವೀಕರಿಸಲು ನಾಚಬೇಕಾಗಿಲ್ಲ ಎಂಬುದು ಅದರ ಸಾರ. ಇದು ಬಾಯಿಮಾತಾಗಿ ಉಳಿಯಲಿಲ್ಲ. ನಮ್ಮ ಭಾರತದ ಅಂಕಿಗಳನ್ನು ಬಳಸಿ ಲೆಕ್ಕ ಮಾಡುವ ಕ್ರಮದ ಬಗ್ಗೆ ನಾಲ್ಕು ಭಾಗಗಳ ಗ್ರಂಥವೊಂದನ್ನು ಅವರು ಬರೆದರು. ಗುಪ್ತಲಿಪಿಯ ಪತ್ರವನ್ನು ಒಡೆಯಬೇಕಾದರೆ ಯಾವ ಅಕ್ಷರ ಎಷ್ಟು ಸಲ ಬಂದಿದೆಯೆಂದು ಎಣಿಸಬೇಕು ಎಂಬ ಉಪಾಯವನ್ನು ಬರೆದಿಟ್ಟವರೂ ಅವರೇ. ಹತ್ತನೆಯ ಶತಮಾನದ ಪುಸ್ತಕ ಪಟ್ಟಿಕಾರ ಇಬ್ನು ನದೀಮ್ ಇವರ ಹೆಸರಿನಲ್ಲಿ ಸುಮಾರು 250 ಕೃತಿಗಳನ್ನು ಕೊಡುತ್ತಾರೆ. ಗಣಿತ, ಖಗೋಳ, ವೈದ್ಯ, ಸಂಗೀತ, ಕತ್ತಿಯ ಉಕ್ಕು, ಸಮುದ್ರದ ಉಬ್ಬರವಿಳಿತ, ಇವೆಲ್ಲದರ ನಡುವೆ ಸುಗಂಧದ್ರವ್ಯ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ನಮ್ಮ ಮದ್ರಸಗಳಲ್ಲಿ ತತ್ವಜ್ಞಾನಿಗಳ ಹೆಸರೆತ್ತಿದರೆ ಹುಬ್ಬುಗಂಟಿಕ್ಕುವವರಿದ್ದಾರೆ. ಅದಕ್ಕೆ ಕಾರಣವೂ ಇದೆ. ಅಲ್ ಕಿಂದಿಯವರನ್ನು ಪೋಷಿಸಿದ ಇದೇ ಮುಅ್‌ತಸಿಮರ ಆಳ್ವಿಕೆಯಲ್ಲಿ ಇಮಾಮ್ ಅಹ್ಮದ್ ಇಬ್ನು ಹಂಬಲ್(ರ)ರಿಗೆ ಚಾಟಿಯೇಟು ಬಿತ್ತು. ಕುರ್‌ಆನ್ ಸೃಷ್ಟಿಯೆಂಬ ಮುಅ್‌ತಝಿಲೀ ವಾದವನ್ನು ಒಪ್ಪಲು ನಿರಾಕರಿಸಿದ್ದೇ ಅವರ ಅಪರಾಧ. ಆಸ್ಥಾನ ಒಂದೇ, ಕಾಲವೂ ಒಂದೇ. ಇದನ್ನು ಬಿಟ್ಟು ಕಿಂದಿಯವರ ಚರಿತ್ರೆ ಬರೆದರೆ ಅದು ಅರ್ಧ ಚರಿತ್ರೆಯಾದೀತು. ಅವರು ಜ್ಯೋತಿಷ್ಯವನ್ನೂ ನಂಬಿದ್ದರು. ಅದನ್ನು ನಾವು ಒಪ್ಪಲಾರೆವು. ಆದರೆ ಅದೇ ಕಿಂದಿ, ಜಗತ್ತು ಅನಾದಿಯೆಂದ ಅರಿಸ್ಟಾಟಲನನ್ನು ಎದುರಿಸಿ, ಜಗತ್ತಿಗೆ ಆರಂಭವಿದೆ, ಅದಕ್ಕೊಬ್ಬ ಸೃಷ್ಟಿಕರ್ತನಿದ್ದಾನೆ ಎಂದು ತರ್ಕದಿಂದಲೇ ಸ್ಥಾಪಿಸಲು ಹೆಣಗಿದವರು. ಸೂರಃ ಯಾಸೀನ್‌ನ ಕೊನೆಯಲ್ಲಿ, ಜೀರ್ಣವಾದ ಎಲುಬುಗಳಿಗೆ ಮತ್ತೆ ಜೀವ ಕೊಡುವವರಾರು ಎಂಬ ಪ್ರಶ್ನೆಗೆ ಬಂದ ಉತ್ತರವನ್ನು ಅವರು ವಿವರಿಸಿದ್ದಾರೆ. ತತ್ವಜ್ಞಾನಿ ವರ್ಷಗಟ್ಟಲೆ ದುಡಿದರೂ ಇಷ್ಟು ಸಂಕ್ಷಿಪ್ತವಾಗಿ, ಇಷ್ಟು ಸ್ಪಷ್ಟವಾಗಿ ಉತ್ತರಿಸಲಾರ, ಪ್ರವಾದಿಗಳ ಜ್ಞಾನವೇ ಬೇರೆ ದರ್ಜೆಯದು ಎಂಬ ನಿರ್ಣಯಕ್ಕೆ ಅವರು ಬಂದಿದ್ದಾರೆ.

ಇನ್ನು ಪರಿಮಳದ ವಿಷಯ.

ಪ್ರವಾದಿವರ್ಯರಿಗೆ(ಸ) ಸುಗಂಧ ಪ್ರಿಯವಾಗಿತ್ತೆಂಬುದು ಹದೀಸ್ ಓದಿದ ಎಲ್ಲರಿಗೂ ಗೊತ್ತು. ಶುಕ್ರವಾರ ಸ್ನಾನ ಮಾಡಿ, ಇದ್ದ ಸುಗಂಧ ಹಚ್ಚಿ ಮಸೀದಿಗೆ ಬರಲು ಅವರು ಕಲಿಸಿದರು. ಸುಗಂಧವನ್ನು ಯಾರಾದರೂ ಕೊಟ್ಟರೆ ನಿರಾಕರಿಸುತ್ತಿರಲಿಲ್ಲ. ಹೀಗಾಗಿ ಇಸ್ಲಾಮೀ ನಗರಗಳಲ್ಲಿ ಸುಗಂಧವು ಅರಮನೆಯ ವಿಲಾಸವಾಗಿ ಮಾತ್ರ ಉಳಿಯದೆ ಸಾಮಾನ್ಯನ ಅಗತ್ಯವೂ ಆಯಿತು. ಬಗ್ದಾದಿನ ಅತ್ತಾರರ ಅಂಗಡಿಗಳಿಗೆ ಟಿಬೆಟಿನಿಂದ ಕಸ್ತೂರಿ, ಪೂರ್ವ ದ್ವೀಪಗಳಿಂದ ಕರ್ಪೂರ, ಸಮುದ್ರ ತೀರಗಳಿಂದ ಅಂಬರ್, ಭಾರತದಿಂದ ಗಂಧದ ಚೆಕ್ಕೆ ಬರುತ್ತಿದ್ದವು. ಹೆಸರುಗಳೂ ಸರಕಿನೊಂದಿಗೇ ಹಡಗು ಹತ್ತಿದ್ದವು. ನಮ್ಮ ಚಂದನ ಅಲ್ಲಿ ಸಂದಲ್ ಆಯಿತು, ಕರ್ಪೂರ ಕಾಫೂರ್ ಆಯಿತು.

ಇವೆಲ್ಲ ದುಬಾರಿ ವಸ್ತುಗಳು, ಘಾಟು ವಾಸನೆಯವು ಕೂಡ. ಕಸ್ತೂರಿಯನ್ನು ಬೆರಳ ತುದಿಯಷ್ಟು ಹಚ್ಚಿಕೊಂಡು ಸೆಕೆಗಾಲದಲ್ಲಿ ಸಫ್‌ನಲ್ಲಿ ನಿಂತರೆ ಪಕ್ಕದವನ ಪಾಡೇನು! ದಿನನಿತ್ಯದ ಬಳಕೆಗೆ, ಮುಖ ತೊಳೆಯಲು, ಅತಿಥಿಗಳ ಕೈಗೆ ಸುರಿಯಲು, ಪಾನಕಕ್ಕೆ, ಮದ್ದಿಗೆ, ಎಲ್ಲಕ್ಕೂ ಹೊಂದುತ್ತಿದ್ದುದು ಪನ್ನೀರೊಂದೇ. ಇಬ್ನು ಖಲ್ದೂನ್ ತಮ್ಮ ಮುಖದ್ದಿಮದಲ್ಲಿ ಮಾಮೂನರ ಕಾಲದ ಕಂದಾಯದ ಪಟ್ಟಿಯೊಂದನ್ನು ಕೊಟ್ಟಿದ್ದಾರೆ. ಪರ್ಶಿಯಾದ ಫಾರ್ಸ್ ಪ್ರಾಂತವು ದಿರ್ಹಮ್‌ಗಳ ಜೊತೆಗೆ ವರ್ಷಕ್ಕೆ 30,000 ಶೀಶೆ ಪನ್ನೀರನ್ನು ಬಗ್ದಾದಿಗೆ ಕಳುಹಿಸಬೇಕಿತ್ತು. ಆ ಪ್ರಾಂತದ ಜೂರ್ ಎಂಬ ಊರಿನ ಪನ್ನೀರಿಗೆ ದೇಶವಿದೇಶಗಳಲ್ಲಿ ಹೆಸರಿತ್ತು. ಪಾರಸಿಯಲ್ಲಿ ಗುಲ್ ಎಂದರೆ ಹೂವು, ಆಬ್ ಎಂದರೆ ನೀರು. ಗುಲಾಬ್ ಎಂದರೆ ಅವರಿಗೆ ಪನ್ನೀರು. ನಾವು ಕನ್ನಡದಲ್ಲಿ ನೀರಿನ ಹೆಸರನ್ನೇ ಹೂವಿಗೆ ಕೊಟ್ಟು ಗುಲಾಬಿ ಎಂದುಬಿಟ್ಟೆವು. ಮೊದಲು ನಮ್ಮಲ್ಲಿಗೆ ಬಂದದ್ದು ಹೂವೋ ಶೀಶೆಯೋ ಎಂದು ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಯೋಚಿಸಬಹುದು.

ಕಿಂದಿಯವರ ಗ್ರಂಥದ ಹೆಸರು ಕಿತಾಬು ಕೀಮಿಯಾಇಲ್ ಇತ್ರಿ ವತ್ತಸ್‌ಈದಾತ್. ಸುಗಂಧದ ರಸವಿದ್ಯೆ ಮತ್ತು ಭಟ್ಟಿ ಇಳಿಸುವ ಕ್ರಮಗಳ ಗ್ರಂಥ ಎಂದು ಅರ್ಥ. ಅದರ ಹಸ್ತಪ್ರತಿ ಇಸ್ತಾಂಬುಲ್ ನಗರದಲ್ಲಿ ಉಳಿದಿತ್ತು. ಕಾರ್ಲ್ ಗಾರ್ಬರ್ಸ್ ಎಂಬ ಜರ್ಮನ್ ವಿದ್ವಾಂಸರು 1948ರಲ್ಲಿ ಅದನ್ನು ಅನುವಾದ ಸಹಿತ ಪ್ರಕಟಿಸಿದರು. ಅದರಲ್ಲಿ 107 ಪಾಕಗಳಿವೆ. ಸುಗಂಧ ತೈಲಗಳು, ಲೇಪಗಳು, ಪರಿಮಳದ ನೀರುಗಳು. ಎಷ್ಟು ತೂಕ, ಎಷ್ಟು ಹೊತ್ತು, ಯಾವ ಪಾತ್ರೆ, ಉರಿ ಹೇಗಿರಬೇಕು ಎಂದು ಅಡುಗೆಯ ಪುಸ್ತಕದ ಹಾಗೆ ಬರೆದಿದ್ದಾರೆ. ಪ್ರಥಮ ತತ್ವಜ್ಞಾನ ಬರೆದ ಲೇಖನಿಯೇ ಇದನ್ನೂ ಬರೆಯಿತು. ದೊಡ್ಡ ವಿದ್ಯೆ ಕಲಿತವರು ಕೈಕೆಲಸದ ವಿದ್ಯೆಯನ್ನು ಕೀಳೆಂದು ಕಾಣುವ ರೋಗ ಅವರಿಗಿರಲಿಲ್ಲ.

ಪನ್ನೀರು ಇಳಿಸುವ ಪಾತ್ರೆಗೆ ಮೂರು ಅಂಗ. ಹೂವಿನ ಎಸಳು ಮತ್ತು ನೀರು ತುಂಬುವ ಕೆಳಪಾತ್ರೆಗೆ ಕರ್‌ಅ ಎನ್ನುತ್ತಾರೆ. ಕರ್‌ಅ ಎಂದರೆ ಸೋರೆಕಾಯಿ. ಆಕಾರ ನೋಡಿಯೇ ಇಟ್ಟ ಹೆಸರು. ಅದರ ಬಾಯಿಗೆ ಟೊಪ್ಪಿಯಂತೆ ಕೂರುವುದು ಅಂಬೀಕ್. ಅದಕ್ಕೊಂದು ಉದ್ದನೆಯ ಇಳಿಜಾರು ಕೊಕ್ಕು. ಕೊಕ್ಕಿನ ತುದಿಯಲ್ಲಿ ಇಳಿದ ಹನಿಗಳನ್ನು ಹಿಡಿಯುವ ಶೀಶೆ. ಕೆಳಪಾತ್ರೆಯನ್ನು ನೇರವಾಗಿ ಬೆಂಕಿಗೆ ಒಡ್ಡದೆ, ನೀರಿರುವ ಇನ್ನೊಂದು ಅಗಲ ಪಾತ್ರೆಯಲ್ಲಿ ಕೂರಿಸಿ ಆ ನೀರನ್ನು ಕಾಯಿಸುವ ಉಪಾಯವನ್ನೂ ಈ ಗ್ರಂಥ ಹೇಳುತ್ತದೆ. ನಮ್ಮ ಮನೆಗಳಲ್ಲಿ ಹಾಲುಬಾಯಿ ತಳ ಹಿಡಿಯದಂತೆ ತಾಯಂದಿರು ಪಡುವ ಪಾಡನ್ನು ನೆನೆದರೆ ಈ ಎಚ್ಚರಿಕೆ ಏಕೆಂದು ತಿಳಿಯುತ್ತದೆ. ಎಸಳು ತಳಕ್ಕೆ ಅಂಟಿ ಸೀದರೆ ಮುಗಿಯಿತು. ಗುಲಾಬಿಯ ಬದಲು ಸೀದ ಸೊಪ್ಪಿನ ವಾಸನೆಯ ನೀರು ಸಿಗುತ್ತದೆ. ಶಾಖ ಹದವಾಗಿದ್ದರೆ ಮಾತ್ರ ಆ ತಾಜಾತನ ಉಳಿಯುತ್ತದೆ.

ಒಳಗೆ ನಡೆಯುವುದೇನು? ಎಸಳಿನಲ್ಲಿರುವ ಸುಗಂಧದ ಅಂಶಗಳಲ್ಲಿ ಅನೇಕವು ಒಂಟಿಯಾಗಿ ಕುದಿಯಬೇಕಾದರೆ 200 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಶಾಖ ಬೇಕು. ಅಷ್ಟು ಶಾಖಕ್ಕೆ ಹೂವು ಉಳಿಯುವುದುಂಟೇ? ಆದರೆ ನೀರಿನ ಹಬೆಯ ಜೊತೆ ಸೇರಿದಾಗ ಅವು 100 ಡಿಗ್ರಿಗಿಂತ ಕೆಳಗೇ ಹಬೆಯಾಗಿ ಮೇಲೇರುತ್ತವೆ. ಅಂಬೀಕಿನಲ್ಲಿ ತಣಿದು ನೀರಿನೊಡನೆ ಇಳಿಯುತ್ತವೆ. ಅವುಗಳಲ್ಲಿ ಒಂದು ಪಾಲು ಎಣ್ಣೆಯಾಗಿ ಮೇಲೆ ತೇಲುತ್ತದೆ. ಅದು ಗುಲಾಬಿಯ ಅತ್ತರು. ಒಂದು ಕಿಲೋ ಅತ್ತರಿಗೆ 3,000ದಿಂದ 5,000 ಕಿಲೋ ಹೂವು ಬೇಕಾಗುವುದರಿಂದ ಅದರ ಬೆಲೆ ಬಡವನ ಕೈಗೆಟುಕದು. ಬಾದಶಾಹ ಜಹಾಂಗೀರರು ತಮ್ಮ ಆತ್ಮಚರಿತ್ರೆಯಲ್ಲಿ, ನೂರ್ ಜಹಾನರ ತಾಯಿ ಬಿಸಿ ಪನ್ನೀರಿನ ಮೇಲೆ ಕಟ್ಟಿದ ಇಂಥ ಎಣ್ಣೆಯನ್ನು ಸಂಗ್ರಹಿಸಿದ ಸಂಗತಿಯನ್ನು ಬರೆದಿದ್ದಾರೆ. ಇನ್ನೊಂದು ಪಾಲು ನೀರಿನಲ್ಲಿ ಕರಗಿಯೇ ಉಳಿಯುತ್ತದೆ. ಪನ್ನೀರಿನ ಆ ಹಗುರ ಪರಿಮಳ ಮುಖ್ಯವಾಗಿ ಈ ಕರಗುವ ಅಂಶದ್ದು. ಅದಕ್ಕೆ ಇಂದಿನ ರಸಾಯನಶಾಸ್ತ್ರದಲ್ಲಿ ಫಿನೈಲ್ ಈಥೈಲ್ ಆಲ್ಕೊಹಾಲ್ ಎಂದು ಹೆಸರು. ಹೆಸರು ಕೇಳಿ ಯಾರೂ ಗಾಬರಿಯಾಗಬೇಕಾಗಿಲ್ಲ. ರಸಾಯನಶಾಸ್ತ್ರದಲ್ಲಿ ಆಲ್ಕೊಹಾಲ್ ಎಂಬುದು ಒಂದು ದೊಡ್ಡ ಕುಟುಂಬದ ಹೆಸರು. ಗುಲಾಬಿಯ ಎಸಳಿನಲ್ಲಿ ಅಲ್ಲಾಹನು ಇಟ್ಟಿರುವ ಈ ಅಂಶ ಮದ್ಯವಲ್ಲ. ಅಂಗಡಿಗಳಲ್ಲಿ ಸಿಗುವ ಸ್ಪ್ರೇ ಸೆಂಟುಗಳ ವಿಷಯ ಬೇರೆ. ಅವುಗಳ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಇಲ್ಲಿ ಬೇಡ.

ಕಿಂದಿಯವರ ಗ್ರಂಥವನ್ನು ಓದಿದವರು ಇನ್ನೊಂದು ಕಡೆ ತಡವರಿಸುತ್ತಾರೆ. ಅದರಲ್ಲಿ ಕಸ್ತೂರಿಯಿಲ್ಲದೆ ಕಸ್ತೂರಿಯಂಥದ್ದನ್ನು, ಕೇಸರಿಯಿಲ್ಲದೆ ಕೇಸರಿಯಂಥದ್ದನ್ನು ಮಾಡುವ, ಇದ್ದುದನ್ನು ಹಿಗ್ಗಿಸುವ ಪಾಕಗಳೂ ಇವೆ. ಹಾಗಾದರೆ ಇದು ಕಲಬೆರಕೆಯ ಕೈಪಿಡಿಯೇ?

ಈ ಪ್ರಶ್ನೆ ಹಗುರವಾದುದಲ್ಲ. ಕುರ್‌ಆನಿನ 83ನೆಯ ಅಧ್ಯಾಯದ ಹೆಸರು ಅಲ್ ಮುತಫ್ಫಿಫೀನ್. ಅಳತೆ ತೂಕದಲ್ಲಿ ಮೋಸ ಮಾಡುವವರ ನಾಶವನ್ನು ಸಾರುತ್ತ ಅದು ಆರಂಭವಾಗುತ್ತದೆ. ಅದೇ ಅಧ್ಯಾಯ ಮುಂದೆ ಸಜ್ಜನರಿಗೆ ಸ್ವರ್ಗದಲ್ಲಿ ಕೊಡಲಾಗುವ ಪಾನೀಯವನ್ನು ಬಣ್ಣಿಸುವಾಗ ಅದರ ಮುದ್ರೆ ಕಸ್ತೂರಿಯದೆಂದು ಹೇಳುತ್ತದೆ. ಅಲ್ಲಿ ತಕ್ಕಡಿಯೂ ಕಸ್ತೂರಿಯೂ ಒಂದೇ ಅಧ್ಯಾಯದಲ್ಲಿವೆ. ಇಸ್ಲಾಮೀ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಮಾರುಕಟ್ಟೆ ಸುತ್ತಿ ಅತ್ತಾರರ ಸರಕನ್ನು ಪರೀಕ್ಷಿಸುತ್ತಿದ್ದನು. ನಂತರದ ಶತಮಾನಗಳಲ್ಲಿ ಆ ಅಧಿಕಾರಿಗಳಿಗಾಗಿ ಬರೆದ ಕೈಪಿಡಿಗಳಲ್ಲಿ ಕಸ್ತೂರಿ, ಅಂಬರ್, ಕೇಸರಿಗಳನ್ನು ಹೇಗೆ ಕೆಡಿಸುತ್ತಾರೆ, ಹೇಗೆ ಪತ್ತೆ ಮಾಡಬೇಕು ಎಂಬ ವಿವರಗಳಿವೆ. ನಕಲಿ ಮಾಡುವ ಬಗೆ ತಿಳಿಯದವನಿಗೆ ನಕಲಿಯನ್ನು ಹಿಡಿಯುವುದೂ ತಿಳಿಯದು.

ನನ್ನ ತಿಳುವಳಿಕೆಯಂತೆ ಪಾಪ ಪಾಕದಲ್ಲಿಲ್ಲ, ಮಾರುವವನ ನಾಲಗೆಯಲ್ಲಿದೆ. ಕಸ್ತೂರಿ ಕೊಳ್ಳಲಾಗದವನಿಗೆ ಅದರಂತೆ ಪರಿಮಳಿಸುವ ಅಗ್ಗದ ಲೇಪವನ್ನು ಮಾಡಿ, ಇದು ಕಸ್ತೂರಿಯಲ್ಲ ಎಂದು ಹೇಳಿಯೇ ಮಾರಿದರೆ ಅದು ಉಪಕಾರ. ಅದನ್ನೇ ಅಸಲಿಯೆಂದು ಮಾರಿದರೆ ಅದು ಕಳ್ಳತನ. ಕಿಂದಿಯವರು ಮೋಸದ ಪಕ್ಷದವರಾಗಿರಲಿಲ್ಲ ಎಂಬುದಕ್ಕೆ ಅವರ ಬೇರೆ ಬರಹಗಳು ಸಾಕ್ಷಿ ನುಡಿಯುತ್ತವೆ. ಆ ಕಾಲದಲ್ಲಿ ತಾಮ್ರವನ್ನು ಚಿನ್ನ ಮಾಡಿಕೊಡುತ್ತೇವೆಂದು ಜನರನ್ನು ಸುಲಿಯುವವರು ಬೀದಿಗೊಬ್ಬರಿದ್ದರು. ಅರಮನೆಗಳಲ್ಲಿಯೂ ಅವರಿಗೆ ಮರ್ಯಾದೆಯಿತ್ತು. ಕಿಂದಿಯವರು ಅವರ ವಿರುದ್ಧ ಗ್ರಂಥ ಬರೆದರು. ಪ್ರಕೃತಿಗೆ ಮಾತ್ರ ಸಾಧ್ಯವಾದುದನ್ನು ಮನುಷ್ಯ ತನ್ನ ಕೈಯಿಂದ ಮಾಡಲಾರ, ಚಿನ್ನ ಮಾಡುತ್ತೇನೆಂಬುದು ವಂಚನೆ ಎಂದು ವಾದಿಸಿದರು. ಮುಂದೆ ಪ್ರಸಿದ್ಧ ವೈದ್ಯ ಅಲ್ ರಾಝಿಯೂ ಈ ವಾದವನ್ನು ಖಂಡಿಸಿ ಬರೆದರೆಂದ ಮೇಲೆ ಅದೆಷ್ಟು ಜನಪ್ರಿಯ ನಂಬಿಕೆಗೆ ಕಿಂದಿ ಕೈಹಾಕಿದ್ದರೆಂದು ಊಹಿಸಬಹುದು. ಹೂವಿನಲ್ಲಿ ಇರುವ ಪರಿಮಳವನ್ನು ಹೊರತೆಗೆಯಬಹುದು. ತಾಮ್ರದಲ್ಲಿ ಇಲ್ಲದ ಚಿನ್ನವನ್ನು ತೆಗೆಯಲಾಗದು. ಇಷ್ಟೇ ಅವರ ಲೆಕ್ಕ.

ಮುಅ್‌ತಸಿಮರ ಕಾಲದಲ್ಲಿ ಕಿಂದಿಯವರ ಸ್ಥಾನ ಬಹಳ ಎತ್ತರದಲ್ಲಿತ್ತು. ಖಲೀಫರ ಮಗ ಅಹ್ಮದನಿಗೆ ಅವರೇ ಗುರು. 847ರಲ್ಲಿ ಮುತವಕ್ಕಿಲ್ ಖಲೀಫರಾದಾಗ ಗಾಳಿ ತಿರುಗಿತು. ಆಸ್ಥಾನದಲ್ಲಿ ಮೂಸಾರ ಮಕ್ಕಳು ಎಂದೇ ಪ್ರಸಿದ್ಧರಾಗಿದ್ದ ಸಹೋದರರಿದ್ದರು. ಅವರು ಸಾಮಾನ್ಯರಲ್ಲ. ಜ್ಯಾಮಿತಿಯಲ್ಲಿ, ಯಂತ್ರವಿದ್ಯೆಯಲ್ಲಿ ಅವರ ಗ್ರಂಥಗಳನ್ನು ಜಗತ್ತು ಇಂದಿಗೂ ಮೆಚ್ಚುತ್ತದೆ. ಆದರೆ ಮತ್ತೊಬ್ಬ ವಿದ್ವಾಂಸ ಮುಂದೆ ಬಂದರೆ ಅವರಿಗೆ ಸಹಿಸಲಾಗುತ್ತಿರಲಿಲ್ಲ. ವಿದ್ಯೆ ಹೆಚ್ಚಾದಷ್ಟೂ ಅಸೂಯೆ ಕಡಿಮೆಯಾಗಬೇಕಿತ್ತು, ಆಗಲಿಲ್ಲ. ಮುಹಮ್ಮದ್ ಮತ್ತು ಅಹ್ಮದ್ ಎಂಬ ಇಬ್ಬರು ಸಹೋದರರು ಖಲೀಫರ ಕಿವಿ ತುಂಬಿದರು. ಕಿಂದಿಯವರಿಗೆ ಏಟು ಬಿತ್ತು. ಅವರ ಗ್ರಂಥಭಂಡಾರವನ್ನೇ ವಶಪಡಿಸಿಕೊಂಡು ಬಸ್ರಾಕ್ಕೆ ಸಾಗಿಸಿದರು. ಆ ಸಂಗ್ರಹಕ್ಕೆ ಕಿಂದಿಯ್ಯಾ ಎಂದೇ ಹೆಸರಿತ್ತು. ಅಚ್ಚಿನ ಯಂತ್ರವಿಲ್ಲದ ಕಾಲ. ಒಂದೊಂದು ಪುಸ್ತಕವೂ ಕೈಯಿಂದ ಬರೆದದ್ದು. ವಯಸ್ಸು ಐವತ್ತರ ಹತ್ತಿರ ಬಂದ ಮನುಷ್ಯನಿಂದ ಅವನ ಪುಸ್ತಕಗಳನ್ನು ಕಿತ್ತುಕೊಂಡರೆ ಇನ್ನೇನು ಉಳಿಯುತ್ತದೆ?

ಮುಂದೆ ಆದದ್ದನ್ನು ಇಬ್ನು ಅಬೀ ಉಸೈಬಿಅ ತಮ್ಮ ವೈದ್ಯರ ಚರಿತ್ರೆಯಲ್ಲಿ ದಾಖಲಿಸಿದ್ದಾರೆ. ಮುತವಕ್ಕಿಲರು ಸಾಮರ್ರಾದ ಬಳಿ ಜಅ್‌ಫರಿಯ್ಯಾ ಎಂಬ ಹೊಸ ನಗರ ಕಟ್ಟಿಸಿ, ಅದಕ್ಕೆ ಕಾಲುವೆ ತೋಡುವ ಕೆಲಸವನ್ನು ಈ ಸಹೋದರರಿಗೆ ಒಪ್ಪಿಸಿದರು. ಅವರು ಅದನ್ನು ಫರ್ಗಾನಿ ಎಂಬವರ ಕೈಗೆ ಕೊಟ್ಟರು. ಫರ್ಗಾನಿ ಖಗೋಳಶಾಸ್ತ್ರದಲ್ಲಿ ದೊಡ್ಡ ಹೆಸರು. ಆದರೆ ನಕ್ಷತ್ರದ ಲೆಕ್ಕ ಬೇರೆ, ಮಣ್ಣಿನ ಲೆಕ್ಕ ಬೇರೆ. ಕಾಲುವೆಯ ಬಾಯಿಯನ್ನು ಉಳಿದ ಭಾಗಕ್ಕಿಂತ ಆಳವಾಗಿ ತೋಡಿಬಿಟ್ಟರು. ಬಾಯಿ ತುಂಬುವಷ್ಟು ನೀರು ಬಂದರೂ ಮುಂದಕ್ಕೆ ಹರಿಯುವಂತಿರಲಿಲ್ಲ. ಸುದ್ದಿ ಖಲೀಫರ ಕಿವಿಗೆ ಬಿತ್ತು. ತಪ್ಪು ನಿಜವೆಂದಾದರೆ ಇಬ್ಬರನ್ನೂ ಅದೇ ಕಾಲುವೆಯ ದಂಡೆಯಲ್ಲಿ ಶಿಲುಬೆಗೇರಿಸುವುದಾಗಿ ಆಣೆಯಿಟ್ಟು, ಪರೀಕ್ಷೆಗೆಂದು ಬಗ್ದಾದಿನಿಂದ ಸನದ್ ಇಬ್ನು ಅಲೀ ಎಂಬವರನ್ನು ಕರೆಸಿದರು.

ಸನದ್ ಯಹೂದಿ ಮನೆತನದಲ್ಲಿ ಹುಟ್ಟಿ ಮಾಮೂನರ ಕಾಲದಲ್ಲಿ ಇಸ್ಲಾಮ್ ಸ್ವೀಕರಿಸಿದ್ದ ಖಗೋಳಜ್ಞ. ಅವರನ್ನು ಆಸ್ಥಾನದಿಂದ ದೂರವಿಟ್ಟವರೂ ಈ ಸಹೋದರರೇ. ಈಗ ಪ್ರಾಣ ಉಳಿಸೆಂದು ಅವರೇ ಬಂದು ಸನದರ ಮುಂದೆ ಕೈಮುಗಿದು ನಿಂತರು. ಸನದರು ಹೇಳಿದ ಮಾತಿನ ಸಾರ ಇಷ್ಟು. ನನಗೂ ಕಿಂದಿಗೂ ಇರುವ ಹಗೆ ನಿಮಗೆ ತಿಳಿಯದ್ದೇನಲ್ಲ. ಆದರೂ ಅನುಸರಿಸಬೇಕಾದುದು ನ್ಯಾಯವನ್ನೇ. ಅವರ ಪುಸ್ತಕಗಳನ್ನು ಕಿತ್ತುಕೊಂಡದ್ದು ಅನ್ಯಾಯ. ಅವು ಅವರಿಗೆ ಮರಳುವವರೆಗೆ ನಿಮ್ಮ ಪರವಾಗಿ ನಾನು ಬಾಯಿ ತೆರೆಯಲಾರೆ. ಪುಸ್ತಕಗಳು ಹೋದವು. ಎಲ್ಲವೂ ತಲುಪಿದೆಯೆಂದು ಕಿಂದಿಯವರು ಬರೆದುಕೊಟ್ಟ ಕಾಗದವನ್ನು ನೋಡಿದ ಮೇಲೆಯೇ ಸನದರು ಒಪ್ಪಿದರು. ಆಗ ಟೈಗ್ರಿಸ್ ನದಿ ತುಂಬಿ ಹರಿಯುತ್ತಿತ್ತು. ನೆರೆಯಿಳಿಯುವ ತನಕ, ಅಂದರೆ ನಾಲ್ಕು ತಿಂಗಳು, ತಪ್ಪು ಕಾಣಿಸದು ಎಂದು ಸನದರಿಗೆ ಗೊತ್ತಿತ್ತು. ಕಾಲುವೆಯಲ್ಲಿ ದೋಷವಿಲ್ಲವೆಂದು ಖಲೀಫರಿಗೆ ವರದಿ ಕೊಟ್ಟರು. ನೆರೆ ಇಳಿಯುವ ಮೊದಲೇ, 861ರ ಡಿಸೆಂಬರಿನಲ್ಲಿ, ಮುತವಕ್ಕಿಲರು ಕೊಲೆಯಾದರು. ಸಹೋದರರು ಬದುಕಿಕೊಂಡರು.

ಸನದರ ಆ ವರದಿ ಸುಳ್ಳು ತಾನೇ ಎಂದು ಓದುಗರು ಕೇಳಬಹುದು. ಹೌದು, ಸುಳ್ಳು. ಎರಡು ಪ್ರಾಣಗಳನ್ನು ಉಳಿಸಿದ ಸುಳ್ಳು. ಅದರ ತೀರ್ಪು ಫಿಕ್‌ಹ್ ಬಲ್ಲವರಿಗೆ ಬಿಟ್ಟದ್ದು. ಆದರೆ ತನ್ನ ವಿರೋಧಿಯ ಹಕ್ಕಿಗಾಗಿ, ತನಗೇನೂ ಲಾಭವಿಲ್ಲದೆ, ಹಟ ಹಿಡಿದು ನಿಂತ ಆ ಒಂದು ಗಳಿಗೆಯನ್ನು ಮರೆಯುವುದು ನನಗಂತೂ ಸಾಧ್ಯವಾಗಿಲ್ಲ.

ದುಃಖವನ್ನು ನೀಗುವ ಉಪಾಯ ಎಂಬ ಒಂದು ಚಿಕ್ಕ ಗ್ರಂಥ ಕಿಂದಿಯವರದ್ದಿದೆ. ಗೆಳೆಯನೊಬ್ಬನ ಕೋರಿಕೆಯ ಮೇರೆಗೆ ಬರೆದದ್ದು. ಅದರಲ್ಲಿ ಒಂದು ದೃಷ್ಟಾಂತ ಬರುತ್ತದೆ. ಹಡಗೊಂದು ದಡಕ್ಕೆ ತಾಗುತ್ತದೆ. ಪ್ರಯಾಣಿಕರು ಅಗತ್ಯಕ್ಕಾಗಿ ಇಳಿಯುತ್ತಾರೆ. ಕೆಲವರು ಕೆಲಸ ಮುಗಿಸಿ ಬೇಗ ಮರಳಿ ವಿಶಾಲವಾದ ಜಾಗ ಹಿಡಿಯುತ್ತಾರೆ. ಕೆಲವರು ಹೂಗಳ ಪರಿಮಳಕ್ಕೆ, ಹಣ್ಣುಗಳಿಗೆ, ಬಣ್ಣದ ಕಲ್ಲುಗಳಿಗೆ ಮನಸೋತು ಕೈತುಂಬ ಹೊತ್ತು ತರುತ್ತಾರೆ. ಹಡಗಿನಲ್ಲಿ ಅವರಿಗೆ ಇಕ್ಕಟ್ಟಿನ ಜಾಗವೇ ಗತಿ. ತಂದ ಹೂಗಳು ಬಾಡುತ್ತವೆ, ಕಲ್ಲುಗಳು ಭಾರವಾಗುತ್ತವೆ, ಕೊನೆಗೆ ಎಲ್ಲವನ್ನೂ ಸಮುದ್ರಕ್ಕೆ ಎಸೆಯಬೇಕಾಗುತ್ತದೆ. ಇನ್ನು ಕೆಲವರು ಕಾಡಿನೊಳಗೆ ಹೋಗಿ ಹಡಗನ್ನೇ ಮರೆಯುತ್ತಾರೆ. ಮೂಲತಃ ಇದು ಗ್ರೀಕರ ದೃಷ್ಟಾಂತ. ಹೂವಿನ ಪರಿಮಳವನ್ನು ಹಿಡಿದಿಡುವ ವಿದ್ಯೆ ಬಲ್ಲವರು ಅದನ್ನು ಅರಬಿಗೆ ತಂದು ವಿಸ್ತರಿಸಿದ್ದಾರೆ ಎಂಬುದು ಓದುವಾಗ ನೆನಪಾಗದೆ ಇರದು.

ಮೂಸಾರ ಮಕ್ಕಳಿಗಿಂತ ಬೇರೆ ತೆರನಾದ ಇನ್ನೊಬ್ಬ ವಿರೋಧಿಯೂ ಕಿಂದಿಯವರಿಗಿದ್ದರು. ಬಲ್ಖ್ ಊರಿನ ಅಬೂ ಮಅ್‌ಶರ್. ಆರಂಭದಲ್ಲಿ ಅವರು ಹದೀಸ್ ಕಲಿತವರು. ತತ್ವಜ್ಞಾನ ಬೋಧಿಸುವ ಕಿಂದಿಯವರ ವಿರುದ್ಧ ಸಾಮಾನ್ಯ ಜನರನ್ನು ಎತ್ತಿಕಟ್ಟುತ್ತಿದ್ದರು. ಅರಮನೆಯಲ್ಲಿ ವರ್ಚಸ್ಸಿದ್ದ ಕಿಂದಿಯವರು ದೂರು ಕೊಟ್ಟು ಅವರನ್ನು ಸೆರೆಗೆ ಹಾಕಿಸಬಹುದಿತ್ತು. ಹಾಗೆ ಮಾಡಲಿಲ್ಲ. ಯಾರನ್ನೋ ಅವರ ಬಳಿಗೆ ಕಳುಹಿಸಿ ಅಂಕಗಣಿತ, ಜ್ಯಾಮಿತಿಗಳ ರುಚಿ ಹತ್ತಿಸಿದರು. ಅಬೂ ಮಅ್‌ಶರ್ ಅದರಲ್ಲಿ ಮುಳುಗಿದರು, ಕೇಡು ಮಾಡುವುದು ನಿಂತಿತು. ಆಮೇಲೆ 47ನೆಯ ವಯಸ್ಸಿನಲ್ಲಿ ಅವರು ಜ್ಯೋತಿಷ್ಯಕ್ಕೆ ಹೊರಳಿ ಅದರಲ್ಲಿ ಪ್ರಸಿದ್ಧರಾದರು ಎಂದು ಇಬ್ನು ನದೀಮ್ ಬರೆಯುತ್ತಾರೆ. ಹದೀಸ್ ಬಿಟ್ಟು ಜ್ಯೋತಿಷ್ಯ ಹಿಡಿದದ್ದು ಲಾಭವೇನಲ್ಲ. ಹಗೆ ಕರಗಿದ್ದಂತೂ ನಿಜ.

ಕಿಂದಿಯವರು ಸುಮಾರು 873ರಲ್ಲಿ ಬಗ್ದಾದಿನಲ್ಲಿ ತೀರಿಕೊಂಡರು. ಅವರ ಕೊನೆಯ ದಿನಗಳ ಬಗ್ಗೆ ಒಂದು ವರದಿ ಉಳಿದಿದೆ. ಮೊಣಕಾಲಿನಲ್ಲಿ ಕಫ ಕಟ್ಟಿ ನೋವಾಗುತ್ತಿತ್ತು. ಹಳೆಯ ದ್ರಾಕ್ಷಾ ಮದ್ಯ ಕುಡಿದರೆ ಶಮನವಾಗುತ್ತದೆಂದು ಅದನ್ನು ಮದ್ದಾಗಿ ಸೇವಿಸುತ್ತಿದ್ದರು. ಆಮೇಲೆ ತೌಬಾ ಮಾಡಿ ಅದನ್ನು ಬಿಟ್ಟರು. ಬದಲಿಗೆ ಜೇನಿನ ಪಾನಕ ಕುಡಿಯತೊಡಗಿದರು. ಅದರಿಂದ ನೋವು ತಗ್ಗಲಿಲ್ಲ, ರೋಗ ಏರುತ್ತ ತಲೆಯವರೆಗೆ ಬಂತು. ಆದರೂ ಅವರು ಮತ್ತೆ ಮದ್ಯಕ್ಕೆ ಕೈಚಾಚಿದರೆಂದು ವರದಿಯಲ್ಲಿಲ್ಲ. ಅದೇ ಕಾಯಿಲೆಯಿಂದ ಪ್ರಾಣ ಹೋಯಿತು. ಈ ಸಂಗತಿಯನ್ನು ತಿಳಿಸಿದವರು ಅಬೂ ಮಅ್‌ಶರ್.